ಗಡಿಯಾರದಣ್ಣನ ನಿದ್ದೆ

ಕಟ್ಟುಹಲ್ಲು ಮಾಡುವುದು ಅವನ ಕಸುಬು, ರೈಲಿನಲ್ಲಿ ನಿದ್ದೆ ಮಾಡುವುದು ಅವನ ಕೀರ್ತಿ. ಕಸುಬಿನಿಂದ ಹೊಟ್ಟೆ ತುಂಬುತ್ತಿತ್ತು. ಮನಸ್ಸು ತುಂಬುತ್ತಿದ್ದದ್ದು ಮಾತ್ರ ಕೀರ್ತಿಯಿಂದಲೇ.

ಮನೆಯ ಹಿಂದಿನ ಕೋಣೆಯೇ ಅವನ ಕಾರ್ಖಾನೆ. ಕಿಟಕಿಯ ಪಕ್ಕ ಒಂದು ಮೇಜು, ಮೇಜಿನ ಮೇಲೆ ಮೇಣದ ಗಟ್ಟಿ, ಬಿಳಿ ಪುಡಿಯ ಡಬ್ಬ, ಉಜ್ಜಿ ನಯಮಾಡುವ ಪುಟ್ಟ ಯಂತ್ರ, ಗೋಡೆಯುದ್ದಕ್ಕೂ ಬಾಯಿ ತೆರೆದುಕೊಂಡು ಕೂತ ಹತ್ತಾರು ಅಚ್ಚುಗಳು. ಅವನ ಹೆಂಡತಿ ಆ ಕೋಣೆ ಗುಡಿಸಲು ಹೋಗುವಾಗ "ಕಿಸೀಬೇಡ್ರೋ, ಗುಡಿಸ್ಕೊಂಡು ಹೋಗ್ತೀನಿ" ಎಂದು ಅಚ್ಚುಗಳಿಗೆ ಗದರಿಯೇ ಒಳಗೆ ಕಾಲಿಡುತ್ತಿದ್ದಳು. ಮಾಡಿ ಮುಗಿಸಿದ ಹಲ್ಲುಗಳನ್ನು ಅವನು ಡಬ್ಬಿಗೆ ತುಂಬಿಕೊಂಡು, ಬೆಳಿಗ್ಗೆ ಏಳೂ ನಲವತ್ತರ ಪ್ಯಾಸೆಂಜರ್ ರೈಲು ಹತ್ತಿ, ಪಕ್ಕದ ನಗರದ ಹಲ್ಲಿನ ಡಾಕ್ಟರಿಗೆ ತಲುಪಿಸುತ್ತಿದ್ದ. ಸಂಜೆಯವರೆಗೆ ಅಲ್ಲೇ ಸಣ್ಣಪುಟ್ಟ ರಿಪೇರಿ ಮಾಡಿ, ಹೊಸ ಅಚ್ಚುಗಳನ್ನು ತೆಗೆದುಕೊಂಡು ವಾಪಸು. ಹದಿನಾರು ವರ್ಷದಿಂದ ಇದೇ ಪಾಡು.

ಪ್ರಯಾಣ ಒಂದು ಗಂಟೆ ಹತ್ತು ನಿಮಿಷ. ರೈಲು ಪ್ಲಾಟ್‌ಫಾರಂ ಬಿಡುವ ಮೊದಲೇ ಅವನ ಗದ್ದ ಎದೆಗೆ ತಾಗಿರುತ್ತಿತ್ತು. ಆಮೇಲೆ ಗೊರಕೆಯೇ ಗೊರಕೆ. ಆದರೆ ನಗರಕ್ಕೆ ಮುಂಚಿನ ಹೊಳೆಯ ಸೇತುವೆಯ ಮೇಲೆ ರೈಲು ಧಡಧಡ ಅನ್ನುವಾಗ, ಯಾರೋ ಚಿವುಟಿದಂತೆ ಅವನು ನೆಟ್ಟಗಾಗಿ "ಊರು ಬಂತು!" ಎಂದು ಎದ್ದು ನಿಲ್ಲುತ್ತಿದ್ದ. ಎರಡೇ ನಿಮಿಷದಲ್ಲಿ ಸ್ಟೇಷನ್ ಬರುತ್ತಿತ್ತು. ರೈಲು ಹೊತ್ತಿಗೆ ಸರಿಯಾಗಿ ಓಡಿದ ದಿನ ಹೀಗಾದರೆ ಏನೋ ಅಭ್ಯಾಸಬಲ ಅನ್ನಬಹುದು. ಸಿಗ್ನಲ್ ಸಿಗದೆ ಬಯಲಿನಲ್ಲಿ ಮುಕ್ಕಾಲು ಗಂಟೆ ನಿಂತ ದಿನವೂ ಸೇತುವೆ ಬಂದಾಗಲೇ ಏಳುತ್ತಿದ್ದನೆಂದರೆ ಅದಕ್ಕೇನು ಹೇಳೋಣ?

"ಇದು ಅಭ್ಯಾಸ ಅಲ್ಲ, ವರ. ಎಲ್ಲರಿಗೂ ಸಿಗೋದಲ್ಲ" ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಜಂಬ ಕೊಂಚ ಜಾಸ್ತಿಯೇ ಇತ್ತೆನ್ನಿ.

ರೈಲು ಡಬ್ಬಿಯವರು ಅವನಿಗೆ ಗಡಿಯಾರದಣ್ಣ ಎಂದು ಹೆಸರಿಟ್ಟಿದ್ದರು. ಅವನಿರುವಾಗ ಬೇರೆಯವರು ಎಚ್ಚರವಿರುವುದಾದರೂ ಯಾಕೆ? ರೈಲು ನಗರದಲ್ಲಿ ನಿಲ್ಲುವುದು ಎರಡು ನಿಮಿಷ, ಆಮೇಲೆ ಮುಂದಿನ ಊರಿಗೆ ಹೊರಟುಬಿಡುತ್ತದೆ. ಆದರೂ ಅವನ ಸುತ್ತಮುತ್ತ ದಿನಾ ಕೂರುತ್ತಿದ್ದ ಹತ್ತು ಜನ ಅವನನ್ನೇ ನಂಬಿ ಸಾಲಾಗಿ ತೂಕಡಿಸುತ್ತಿದ್ದರು. ಅವರಲ್ಲಿ ವಕೀಲರ ಗುಮಾಸ್ತನೊಬ್ಬನಂತೂ ಮನೆಯಿಂದ ದಿಂಬನ್ನೇ ತರುತ್ತಿದ್ದ.

ನಿದ್ದೆ ಮಾಡದೆ ಇರುತ್ತಿದ್ದವರು ಒಬ್ಬರೇ. ಎದುರು ಕಿಟಕಿಯ ಸೀಟಿನ ಮೇಡಂ. ನಗರದ ಶಾಲೆಯೊಂದರಲ್ಲಿ ಲೆಕ್ಕದ ಟೀಚರ್ ಅನ್ನುವುದನ್ನು ಬಿಟ್ಟರೆ ಅವರ ಬಗ್ಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ರಜೆಯಲ್ಲೂ ಒಂದು ದಿನ ರೈಲು ತಪ್ಪಿಸದೆ, ಬಾಯಿಗೆ ಕರ್ಚೀಫು ಅಡ್ಡ ಹಿಡಿದು ಹೊರಗೆ ನೋಡುತ್ತಾ ಕೂರುತ್ತಿದ್ದರು. ಮಾತಾಡಿಸಿದರೆ ತಲೆಯಾಡಿಸುತ್ತಿದ್ದರು, ಅಷ್ಟೇ. ಧೂಳು ಆಗಿಬರುವುದಿಲ್ಲವೇನೋ ಅಂದುಕೊಂಡು ಡಬ್ಬಿಯವರು ಅವರಿಗೆ ಮೌನದ ಮೇಡಂ ಎಂದು ಹೆಸರಿಟ್ಟು ಸುಮ್ಮನಾಗಿದ್ದರು.

ಹೀಗಿರುವಾಗ ಒಂದು ಬುಧವಾರ ಸಂಜೆ ಡಾಕ್ಟರು ಅವನ ಕೈಗೆ ಹೊಸ ಅಚ್ಚೊಂದನ್ನು ಕೊಟ್ಟರು. ಅಚ್ಚಿನ ಮೇಲೆ ಎಂದಿನಂತೆ ಹೆಸರಿಲ್ಲ, ನಂಬರು ಮಾತ್ರ.

"ಇದು ಶನಿವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲಿರ್ಬೇಕು. ಇವತ್ತು ಪಾಪ, ಅವರು ತೊಳೆಯೋವಾಗ ಕೈಜಾರಿ ಹಳೇ ಹಲ್ಲಿನ ಸೆಟ್ಟು ಎರಡು ಹೋಳಾಗಿದೆ. ಶನಿವಾರ ಅವರ ರಿಟೈರ್‌ಮೆಂಟು. ಹನ್ನೊಂದಕ್ಕೆ ಸಮಾರಂಭ, ಭಾಷಣ ಮಾಡ್ಬೇಕಂತೆ. ಹಲ್ಲಿಲ್ದೆ ಬಾಯೇ ತೆರೆಯಲ್ಲ ಅಂತ ಹಟ ಹಿಡ್ದಿದಾರೆ."

"ಹತ್ತಲ್ಲ ಸಾರ್, ಒಂಬತ್ತಕ್ಕೇ ತರ್ತೀನಿ. ನಾನು ಯಾವತ್ತಾದ್ರೂ ತಡ ಮಾಡಿದ್ದುಂಟಾ?" ಅಂದ ಗಡಿಯಾರದಣ್ಣ.

ಗುರುವಾರ, ಶುಕ್ರವಾರ ಎರಡು ದಿನವೂ ರೈಲು ಹತ್ತದೆ ಮನೆಯಲ್ಲೇ ಕೂತು ಆ ಹಲ್ಲುಗಳನ್ನು ತಯಾರಿಸಿದ. ಅಕ್ಕಿಕಾಳು ಜೋಡಿಸಿದ ಹಾಗೆ ಅಚ್ಚುಕಟ್ಟಾಗಿ ಬಂದವು. ಅವನ ಹೆಂಡತಿಯೇ ಬೆಳಕಿಗೆ ಹಿಡಿದು ನೋಡಿ, "ನನಗಿರೋ ಹಲ್ಲಿಗಿಂತ ಚೆನ್ನಾಗಿದಾವಲ್ರೀ" ಅಂದಳು. ಆಮೇಲೆ, "ನಾಳೆ ಒಂದಿನ ಬಸ್ಸಿಗೆ ಹೋಗಿ. ಕುಲುಕಾಟಕ್ಕಾದ್ರೂ ಎಚ್ಚರ ಇರ್ತೀರ" ಎಂದು ಸೇರಿಸಿದಳು.

"ನನಗೆ ಎಚ್ಚರದ ಪಾಠ ಹೇಳ್ತೀಯಾ?"

"ಹೇಳಿದ್ದು ತಪ್ಪಾಯ್ತು ಮಹಾರಾಯ್ರೇ" ಎಂದು ಅವಳು ಕೈಮುಗಿದಳು.

ಶನಿವಾರ ರೈಲು ಹತ್ತಿದಾಗ ಎದುರಿನ ಕಿಟಕಿ ಸೀಟು ಖಾಲಿಯಿತ್ತು. ಕಾಲು ಚಾಚಲು ಜಾಗವಾಯಿತೆಂದು ಗಡಿಯಾರದಣ್ಣನಿಗೆ ಖುಷಿಯೇ ಆಯಿತು. ಹಲ್ಲಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಗದ್ದವನ್ನು ಎದೆಗೆ ತಾಗಿಸಿದ.

ಯಾರೋ ಭುಜ ಹಿಡಿದು ಅಲ್ಲಾಡಿಸಿದರು. ಕಣ್ಣುಬಿಟ್ಟರೆ ಟಿಕೆಟ್ ತಪಾಸಣೆಯವನು.

"ಸ್ವಾಮಿ, ನಿಮ್ಮ ಪಾಸು ಹಿಂದಿನ ಊರಿನವರೆಗೆ ಮಾತ್ರ ಇದೆ."

ಕಿಟಕಿಯಾಚೆ ಅವನು ಜನ್ಮದಲ್ಲಿ ನೋಡದ ಒಂದು ಸ್ಟೇಷನ್ನು. ಗಡಿಯಾರದಲ್ಲಿ ಒಂಬತ್ತೂ ಮೂವತ್ತೈದು. ಪಕ್ಕದಲ್ಲಿ ವಕೀಲರ ಗುಮಾಸ್ತ ದಿಂಬು ತಬ್ಬಿಕೊಂಡು ಮಲಗಿದ್ದ. ಉಳಿದ ಒಂಬತ್ತು ಜನರೂ ಹಾಗೇ ಮಲಗಿದ್ದರು. ಒಬ್ಬೊಬ್ಬರಾಗಿ ಎದ್ದು ಕಿಟಕಿ ನೋಡಿದರು, ಆಮೇಲೆ ಅವನನ್ನು ನೋಡಿದರು.

"ಅಣ್ಣಾ, ಊರು ಬಂತು ಅನ್ಲೇ ಇಲ್ವಲ್ಲ ನೀನು!" ಅಂದ ಗುಮಾಸ್ತ, ಅನಾಥನಾದವನಂತೆ.

ವಾಪಸು ಹೋಗುವ ರೈಲು ಇನ್ನು ಮಧ್ಯಾಹ್ನಕ್ಕೇ. ಹನ್ನೊಂದು ಜನರೂ ಓಡಿಹೋಗಿ ಹೊರಡಲಿದ್ದ ಬಸ್ಸೊಂದನ್ನು ಹತ್ತಿದರು.

"ಎಲ್ಲರಿಗೂ ಒಂದೇ ಊರಾ? ಏನು, ದಿಬ್ಬಣನಾ?" ಎಂದ ಕಂಡಕ್ಟರ್.

"ಶವಯಾತ್ರೆ ಕಣಪ್ಪ. ಇವರ ಕೀರ್ತಿ ತೀರ್ಕೊಂಡಿದೆ" ಎಂದು ಗುಮಾಸ್ತ ಗಡಿಯಾರದಣ್ಣನ ಕಡೆ ಬೆರಳು ತೋರಿಸಿದ.

ಬಸ್ಸಾದರೋ ಕೈ ಅಡ್ಡ ಹಿಡಿದವರಿಗೆಲ್ಲ ನಿಲ್ಲುತ್ತಿತ್ತು. ಒಬ್ಬರು ಸುಮ್ಮನೆ ಕೈಯೆತ್ತಿ ಮೈಮುರಿದದ್ದಕ್ಕೂ ನಿಂತಿತು. ಗಡಿಯಾರದಣ್ಣನಿಗೆ ತಡೆಯಲಾಗಲಿಲ್ಲ. ಡ್ರೈವರಿನ ಪಕ್ಕಕ್ಕೆ ಹೋಗಿ, ಡಬ್ಬಿ ತೆರೆದು ಅವನ ಮುಖದ ಮುಂದೆ ಹಿಡಿದ.

"ಹನ್ನೊಂದು ಗಂಟೆಗೆ ಇವು ಭಾಷಣ ಮಾಡ್ಬೇಕು ಸಾರ್. ದಯವಿಟ್ಟು ಓಡ್ಸಿ."

ಸೀಟಿನ ಪಕ್ಕದಿಂದ ಮೂವತ್ತು ಹಲ್ಲು ತನ್ನನ್ನೇ ನೋಡಿ ನಕ್ಕದ್ದು ಕಂಡು ಡ್ರೈವರ್ ಬೆಚ್ಚಿಬಿದ್ದ. ಅಲ್ಲಿಂದ ನಗರದವರೆಗೆ ಅವನ ಕಾಲು ಬ್ರೇಕಿನ ಕಡೆ ಹೋಗಲೇ ಇಲ್ಲ. ಹಲ್ಲು ಗಿಂಜಿ ಕೆಲಸ ಮಾಡಿಸಿಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇವೆ. ಪರರ ಹಲ್ಲು ಗಿಂಜಿ ಮಾಡಿಸಿಕೊಂಡವನು ಇವನೊಬ್ಬನೇ.

ಆದರೂ ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಹನ್ನೊಂದೂ ಇಪ್ಪತ್ತೈದು. "ಕಾದು ಕಾದು ಹೋದರು ಕಣಯ್ಯಾ! ಹಿಂದಿನ ಬೀದೀಲೇ ಸ್ಕೂಲು, ಓಡು!" ಎಂದು ಡಾಕ್ಟರು ಕಿರುಚಿದರು. ಅವನು ಓಡಿದ. ಏದುಸಿರು ಬಿಡುತ್ತಾ ಶಾಲೆಯ ಸಭಾಂಗಣಕ್ಕೆ ನುಗ್ಗಿ ವೇದಿಕೆಯತ್ತ ನೋಡಿದರೆ, ನಡುವಿನ ಕುರ್ಚಿಯಲ್ಲಿ ಬಾಯಿಗೆ ಕರ್ಚೀಫು ಹಿಡಿದು ಕೂತಿದ್ದಾರೆ ಮೌನದ ಮೇಡಂ!

ಹತ್ತು ಮಾರು ದೂರದಿಂದಲೇ ಕಟ್ಟುಹಲ್ಲು ಗುರುತಿಸಬಲ್ಲೆ ಎಂದು ಊರೆಲ್ಲ ಡಂಗುರ ಹೊಡೆದವನು ಅವನು. ಹದಿನಾರು ವರ್ಷ ಎರಡು ಮೊಳ ದೂರದಲ್ಲಿ ಕೂತವರ ಬಾಯಿ ಗೊತ್ತಾಗಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು. ಆದರೆ ನಾಚಿಕೆ ಪಡಲು ಪುರುಸೊತ್ತೆಲ್ಲಿ?

ಪುಣ್ಯಕ್ಕೆ ಮುಖ್ಯ ಅತಿಥಿ ಇನ್ನೂ ಮಾತಾಡುತ್ತಿದ್ದರು. ಎರಡೇ ಮಾತು ಎಂದು ಶುರು ಮಾಡಿದವರು ಇಪ್ಪತ್ತನೆಯ ನಿಮಿಷದಲ್ಲಿದ್ದರು. ಅವನು ಡಬ್ಬಿಯನ್ನು ಮುಂದಿನ ಸಾಲಿಗೆ ದಾಟಿಸಿದ. ಅದು ಕೈಯಿಂದ ಕೈಗೆ ಹೋಗಿ ಹೆಡ್‌ಮಾಸ್ಟರನ್ನು ಮುಟ್ಟಿತು. ಯಾರೋ ಅಭಿಮಾನಿಯ ಉಡುಗೊರೆ ಅಂದುಕೊಂಡ ಹೆಡ್‌ಮಾಸ್ಟರು ಎಲ್ಲರಿಗೂ ಕಾಣುವಂತೆ ಅದರ ಮುಚ್ಚಳಕ್ಕೆ ಕೈಹಾಕಿದರು. ಮೇಡಂ ಹದ್ದಿನ ಹಾಗೆ ಎರಗಿ ಕಸಿದುಕೊಂಡರು.

ಅಲ್ಲಿಗೆ ಅವನ ಕೆಲಸ ಮುಗಿಯಿತು. ಹಿಂದಿನ ಸಾಲಿನ ಖಾಲಿ ಕುರ್ಚಿಯಲ್ಲಿ ಕುಸಿದು ಕೂತ. ಎದುರಿಗೆ ಮುಖ್ಯ ಅತಿಥಿಯ ಭಾಷಣ, ಮೇಲೆ ತಿರುಗುವ ಫ್ಯಾನು. ಗದ್ದ ಮೆಲ್ಲಗೆ ಎದೆಗೆ ತಾಗಿತು.

ವೇದಿಕೆಯ ಮೇಲೆ ಮೇಡಂ ಪರದೆಯ ಕಡೆ ತಿರುಗಿ ಹಲ್ಲು ಹಾಕಿಕೊಂಡರು. ಮತ್ತೆ ಈಚೆ ತಿರುಗಿ, ಸರಿಯಾಗಿ ಕೂತಿತೋ ಇಲ್ಲವೋ ಎಂದು ಅಭ್ಯಾಸದಂತೆ ಮೂರು ಸಲ ಕುಟ್ಟಿ ನೋಡಿದರು. ಟಕ್, ಟಕ್, ಟಕ್. ಅವರ ಮುಂದೆ ಮೇಜಿನ ಮೇಲಿದ್ದ ಇನ್ನೊಂದು ಮೈಕು ಅದನ್ನು ಸಭಾಂಗಣಕ್ಕೆಲ್ಲ ಕೇಳಿಸಿತು.

"ಊರು ಬಂತು!" ಎಂದು ಗಡಿಯಾರದಣ್ಣ ದಡಕ್ಕನೆ ಎದ್ದು ನಿಂತ.

ಇಡೀ ಸಭೆ ಹಿಂದಕ್ಕೆ ತಿರುಗಿತು. ತಮ್ಮ ಭಾಷಣಕ್ಕೇ ಹೇಳಿದ್ದೆಂದುಕೊಂಡ ಮುಖ್ಯ ಅತಿಥಿ ತೆಪ್ಪಗೆ ಕೂತುಬಿಟ್ಟರು. ಮೇಡಂ ಅವನನ್ನೇ ನೋಡಿದರು, ತಮ್ಮ ದವಡೆ ಮುಟ್ಟಿಕೊಂಡರು, ಮತ್ತೆ ಅವನನ್ನು ನೋಡಿದರು. ಲೆಕ್ಕದ ಟೀಚರಿಗೆ ಲೆಕ್ಕ ಬಿಡಿಸಲು ಎಷ್ಟು ಹೊತ್ತು? ಕರ್ಚೀಫು ಮಡಿಚಿಟ್ಟು, ಹೊಸ ಹಲ್ಲಷ್ಟೂ ಕಾಣುವಂತೆ ನಗುತ್ತಾ ಮೈಕಿನ ಮುಂದೆ ನಿಂತರು.

"ಊರು ಬಂತಂತೆ. ಇಳಿಯೋ ಹೊತ್ತಾಯ್ತು" ಎಂದು ಶುರುಮಾಡಿ ನಲವತ್ತು ನಿಮಿಷ ಮಾತಾಡಿದರು. ಯಾರೂ ತೂಕಡಿಸಲಿಲ್ಲ. ಅವನೊಬ್ಬನನ್ನು ಬಿಟ್ಟು.

ಸಮಾರಂಭ ಮುಗಿದ ಮೇಲೆ ಅವರೇ ಬಂದು ಅವನನ್ನು ಎಬ್ಬಿಸಿ ಹೇಳಿದರು: "ಹಳೇ ಹಲ್ಲು ಒಸಡಿಗೆ ಒತ್ತೋದು. ಅದಕ್ಕೆ ರೈಲಲ್ಲಿ ತೆಗೆದಿಟ್ಟು, ಸೇತುವೆ ಬಂದಾಗ ಹಾಕ್ಕೊಂಡು ಕುಟ್ಟಿ ನೋಡ್ತಿದ್ದೆ. ಆ ಸದ್ದಲ್ಲಿ ಯಾರಿಗೂ ಕೇಳಲ್ಲ ಅಂತ ಧೈರ್ಯ. ಇವತ್ತು ಡಾಕ್ಟರ ಹತ್ರ ಬೇಗ ಹೋಗೋಣ ಅಂತ ಮುಂಜಾನೆ ಬಸ್ಸಿಗೇ ಬಂದ್ಬಿಟ್ಟೆ. ನಾನು ಕುಟ್ಟೋದಕ್ಕೂ ನೀವು ಏಳೋದಕ್ಕೂ ಸಂಬಂಧ ಇದೆ ಅಂತ ಇವತ್ತೇ ಗೊತ್ತಾಗಿದ್ದು ನೋಡಿ."

ಮಗು ಅತ್ತರೆ ತಾಯಿಗೆ ಎಚ್ಚರವಾಗುವ ಹಾಗೆ, ಸಡಿಲ ಹಲ್ಲಿನ ಸದ್ದಿಗೆ ಹಲ್ಲಿನವನಿಗೆ ಎಚ್ಚರವಾಗುತ್ತಿತ್ತು. ಹಾಗಾದರೆ ವರವೂ ಇಲ್ಲ, ಮಣ್ಣೂ ಇಲ್ಲ. ಅವನ ಮುಖ ಸಪ್ಪಗಾಯಿತು. ನಿಜಕ್ಕೂ ಅಳು ಬಂದಂತಾಯಿತು.

"ಸೋಮವಾರದಿಂದ ನನ್ನ ಗತಿ ಏನು ಮೇಡಂ? ಡಬ್ಬೀಲಿ ಹೆಂಗೆ ಮುಖ ತೋರಿಸ್ಲಿ?"

ಮೇಡಂ ಕೈಚೀಲದಿಂದ ಪಾಸು ತೆಗೆದು ತಾರೀಖು ನೋಡಿದರು. "ನನ್ನ ಪಾಸು ಇನ್ನೂ ಹನ್ನೆರಡು ದಿನ ಇದೆ, ಸುಮ್ನೆ ಹಾಳಾಗುತ್ತೆ. ಅಷ್ಟರೊಳಗೆ ನೀವಾಗೇ ಏಳೋದನ್ನ ಕಲಿಸ್ತೀನಿ. ನನ್ನ ಕೈಲಿ ಫೇಲಾದೋರು ಕಡಿಮೆ."

ಸೋಮವಾರ ಕಿಟಕಿ ಸೀಟಿಗೆ ಮೇಡಂ ಬಂದರು. ಕರ್ಚೀಫು ಬರಲಿಲ್ಲ. ಹೊಸ ಹಲ್ಲು ಒಂದಿಷ್ಟೂ ಒತ್ತುತ್ತಿರಲಿಲ್ಲವಾದ್ದರಿಂದ, ಹದಿನಾರು ವರ್ಷ ಕೂಡಿಟ್ಟ ಮಾತನ್ನೆಲ್ಲ ಅವರು ಖರ್ಚು ಮಾಡತೊಡಗಿದರು. ಗುಮಾಸ್ತನ ದಿಂಬು ಮೂರೇ ದಿನಕ್ಕೆ ಮನೆ ಸೇರಿತು. "ಮೌನದ ಮೇಡಂ ಅಂತ ಹೆಸರಿಟ್ಟೋರು ಯಾರ್ರೀ?" ಎಂದು ಅವನು ಗೋಳಾಡಿದ. ಗಡಿಯಾರದಣ್ಣ ಮಾತ್ರ ಎಂದಿನಂತೆ ಗದ್ದ ತಾಗಿಸುತ್ತಿದ್ದ. ಸೇತುವೆಯ ಮೇಲೆ ಮೇಡಂ ಮಾತು ನಿಲ್ಲಿಸಿ ಟಕ್ ಟಕ್ ಟಕ್ ಅನ್ನಿಸುತ್ತಿದ್ದರು, ಅವನು ಏಳುತ್ತಿದ್ದ. ನಗರದಲ್ಲಿಳಿದು ಮೇಡಂ ಸ್ಟೇಷನ್ನಿನಲ್ಲೇ ಒಂದು ಟೀ ಕುಡಿದು ಮುಂದಿನ ರೈಲಿಗೆ ವಾಪಸಾಗುತ್ತಿದ್ದರು.

ಒಂದು ಗುಟ್ಟು ಹೇಳುತ್ತೇನೆ. ಏಳನೆಯ ದಿನಕ್ಕೇ ಅವನಿಗೆ ತಾನಾಗಿ ಎಚ್ಚರವಾಗತೊಡಗಿತ್ತು, ಅದೂ ಸೇತುವೆಗೆ ಬಹಳ ಮುಂಚೆ. ಆದರೂ ಕಣ್ಣು ಮುಚ್ಚಿಕೊಂಡು, ಮೇಡಂ ಹೇಳುವ ಕತೆ ಕೇಳುತ್ತಾ, ಸುಳ್ಳು ಗೊರಕೆ ಹೊಡೆಯುತ್ತಿದ್ದ. ಪಾಠ ಮುಗಿಯಿತೆಂದರೆ ಆ ಸೀಟು ಮತ್ತೆ ಖಾಲಿಯಾಗುತ್ತದೆ. ಅದು ಅವನಿಗೆ ಬೇಡವಾಗಿತ್ತು.

ಪಾಸಿನ ಕೊನೆಯ ದಿನ ಸೇತುವೆ ಬಂತು. ಧಡಧಡ ಸದ್ದು ಶುರುವಾಯಿತು, ಮುಗಿಯಿತು. ಟಕ್ ಕೇಳಿಸಿತೋ ಇಲ್ಲವೋ ಅವನಿಗೆ ಸರಿಯಾಗಿ ಗೊತ್ತಾಗಲಿಲ್ಲ. ಸ್ಟೇಷನ್ನೇನೂ ಕಾಯುವುದಿಲ್ಲವಲ್ಲ. "ಊರು ಬಂತು!" ಎಂದು ಎದ್ದ.

"ನೀವಾಗೇ ಎದ್ರಾ?" ಎಂದರು ಮೇಡಂ.

"ಎಲ್ಲಿ ಮೇಡಂ, ಇನ್ನೂ ಕಲ್ತಿಲ್ಲ. ನಿಮ್ಮ ಹಲ್ಲಿನ ಸದ್ದಿಗೇ ಎದ್ದಿದ್ದು."

"ನಾನಿವತ್ತು ಕುಟ್ಟೇ ಇಲ್ವಲ್ಲ."

ಗುಮಾಸ್ತ ಕಿಸಕ್ಕನೆ ನಕ್ಕ. ಮೇಡಂ ಮುಖ ಗಂಟಿಕ್ಕಿಕೊಂಡು ಕೈಚೀಲದಿಂದ ಒಂದು ಹೊಸ ಪಾಸು ತೆಗೆದು ಅವನ ಮುಂದೆ ಹಿಡಿದರು. ಮುಂದಿನ ತಿಂಗಳದ್ದು. ಕೊಂಡದ್ದು ಮೊನ್ನೆಯೇ ಎಂದು ಅದರ ಮೇಲಿನ ಮೊಹರು ಹೇಳುತ್ತಿತ್ತು.

"ಸುಳ್ಳು ಉತ್ತರ. ಫೇಲು" ಎಂದರು. "ಇನ್ನೊಂದು ತಿಂಗಳು ಪಾಠ ಇದೆ."