ಹುಳದ ಮೇಡಂ ತಿನ್ನದ ಸಕ್ಕರೆ

ಬೈಲಹೊಂಗಲದ ನಮ್ಮ ಲ್ಯಾಬಿನ ಹಳೆಯ ಕಪಾಟು ತೆರವು ಮಾಡುವಾಗ ಪುಟ್ಟ ಶೀಸೆಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ದೇವದಾರು ಎಣ್ಣೆಯ ವಾಸನೆ. ಮೈಕ್ರೋಸ್ಕೋಪಿನಲ್ಲಿ ರಕ್ತ ನೋಡುವ ಮೊದಲು ಗಾಜಿನ ಮೇಲೆ ಈ ಎಣ್ಣೆಯ ಒಂದು ಹನಿ ಹಾಕುತ್ತಿದ್ದೆವು. ಹುಳದ ಮೇಡಂ ಕಣ್ಣೆದುರು ಬಂದು ನಿಂತರು...

ಅವರು ರಾಮದುರ್ಗದ ಕಡೆಯವರು, ವಿಜ್ಞಾನಿ. ಮಲೇರಿಯಾದ ಪರಾವಲಂಬಿ ಜೀವಿಯ ಬೆನ್ನು ಹತ್ತಿ ಸವದತ್ತಿ, ಮನೋಳಿ ಎಂದು ಊರೂರು ತಿರುಗಿ ರಕ್ತದ ಮಾದರಿ ತಂದು ನನ್ನ ಲ್ಯಾಬಿನಲ್ಲಿ ಕೂರುತ್ತಿದ್ದರು. ಪರಾವಲಂಬಿ ಎಂದರೆ ಯಾರಿಗೆ ತಿಳಿಯಬೇಕು? ಜನ ‘ಹುಳ’ ಎಂದರು, ಇವರೂ ಹಾಗೇ ಅಂದರು. ನಾನು ಬಣ್ಣ ಹಾಕಿದ ಸ್ಲೈಡು ಕೆಟ್ಟರೆ, “ಇದೇನ್ ರಕ್ತ ಐತೋ, ಹೋಳಿ ಹುಣ್ಣಿವಿ ಬಣ್ಣ ಐತೋ?” ಎಂದು ಝಾಡಿಸುತ್ತಿದ್ದರು. ಬೈಸಿಕೊಂಡೇ ಕೆಲಸ ಕಲಿತೆ. ಅದಕ್ಕೆ ಇವತ್ತಿಗೂ ಹೆಮ್ಮೆಯಿದೆ.

ಒಮ್ಮೆ ಮುರಗೋಡದ ತಾಯಿಯೊಬ್ಬಳು ಜ್ವರ ಬಿಡದ ಮಗಳನ್ನು ಕರೆತಂದಳು. ಮೇಡಂ ಬಹಳ ಹೊತ್ತು ಸ್ಲೈಡು ನೋಡಿದರು.

“ಹುಳ ಸಿಕ್ಕಿತೇನ್ರಿ?”

“ಇಲ್ಲವ್ವಾ, ಹುಳ ಇಲ್ಲ...”

ಮುಂದಿನ ಮಾತಿಗೆ ಕಾಯದೆ ಆಕೆ ಹೊರಗೋಡಿದಳು. ಒಳ್ಳೆಯ ಸುದ್ದಿಗೆ ಸಕ್ಕರೆ ಕೊಡುವುದು ನಮ್ಮ ಕಡೆಯ ರೂಢಿ. ಎದುರಿನ ಅಂಗಡಿಯಿಂದ ತಂದು ನಮ್ಮಿಬ್ಬರ ಅಂಗೈಗೂ ಹಾಕಿದಳು. ನಾನು ಬಾಯಿಗೆ ಹಾಕಿಕೊಂಡೆ. ಮೇಡಂ ಮುಷ್ಟಿ ಬಿಚ್ಚಲಿಲ್ಲ. ಸ್ಲೈಡಿನ ತುಂಬ ಬಲಿಯದ ಬಿಳಿ ರಕ್ತಕಣಗಳಿದ್ದವು, ರಕ್ತದ ಕ್ಯಾನ್ಸರಿನ ಗುರುತು. ಅದನ್ನು ಆ ತಾಯಿಗೆ ಹೇಗೆ ಹೇಳಿದರೋ... ನನಗಂತೂ ಅಲ್ಲಿ ನಿಲ್ಲಲಾಗಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮಳೆಗಾಲ ಮುಗಿಯುವುದರೊಳಗೆ ಹುಡುಗಿ ತೀರಿಕೊಂಡಳು.

ತಲೆ ನರೆಯುತ್ತಿದ್ದ ವಯಸ್ಸಿನಲ್ಲಿ ಮೇಡಂ ಹೆಸರು ಮಾಡಿದ್ದ ಹುಳದ ಕೆಲಸ ಬಿಟ್ಟು ಮಕ್ಕಳ ಕ್ಯಾನ್ಸರಿನ ಸಂಶೋಧನೆಗೆ ಹೊರಟರು. ತಮಗಿಂತ ಎಳೆಯರ ಪಕ್ಕ ಕುಳಿತು ಮೊದಲಿನಿಂದ ಕಲಿಯಬೇಕಿತ್ತು. “ಈಗ ಯಾಕ್ರಿ ಈ ಉಸಾಬರಿ?” ಎಂದೆ.

“ಹುಳ ಹೊರಗಿಂದ ಬಂದ ಕಳ್ಳ ಇದ್ದಂಗ, ಹಿಡದು ಹೊರಗ ಹಾಕಬಹುದು. ಇದು ನಮ್ಮದ ರಕ್ತ, ಬಲಿಯೂದನ್ನ ಮರತೈತಿ. ಯಾಕ ಮರೀತು ಅಂತ ನೋಡಬೇಕಲ್ಲೋ ತಮ್ಮಾ.”

ಕೊನೆಯವರೆಗೂ ಅದನ್ನೇ ನೋಡಿದರು. ಅಂಥ ಛಲವನ್ನು ನಾನು ಮತ್ತೊಬ್ಬರಲ್ಲಿ ಕಂಡಿಲ್ಲ. ಹೋದ ವರ್ಷ ತೀರಿಕೊಂಡರು.

ಶೀಸೆ ಸಿಕ್ಕ ದಿನವೇ ಕಿತ್ತೂರಿನ ಹುಡುಗನೊಬ್ಬ ತಾಯಿಯ ಜೊತೆ ರಕ್ತ ತೋರಿಸಲು ಬಂದಿದ್ದ. ಅದೇ ಕಾಯಿಲೆ, ಚಿಕಿತ್ಸೆ ಮುಗಿದಿತ್ತು. ಎರಡೆರಡು ಸಲ ನೋಡಿದೆ. “ಎಲ್ಲಾ ಛಲೋ ಐತ್ರಿ” ಎಂದೆ. ಆಕೆ ಅಳುತ್ತಲೇ ಚೀಲದಿಂದ ಸಕ್ಕರೆ ತೆಗೆದು ನನ್ನ ಅಂಗೈಗೆ ಹಾಕಿದಳು.

“ಇದಕ್ಕೂ ಒಂದಿಷ್ಟು ಹಾಕ್ರಿ” ಎಂದು ಇನ್ನೊಂದು ಕೈಯನ್ನೂ ಚಾಚಿದೆ. ಮೇಡಂ ಪಾಲಿನದನ್ನೂ ನಾನೇ ತಿಂದೆ.