ಅಕ್ಕ ಪೂಜೆ ಮಾಡಿದ ಹಂದರಗಂಬ

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ ನಾವು ಮುನವಳ್ಳಿ ಪೇಟೆಯ ಒಂದು ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ದರ್ಜಿ. ಬಾಗಿಲ ಮುಂದಿನ ಕಟ್ಟೆಯ ಮೇಲೇ ಅವನ ಹೊಲಿಗೆ ಯಂತ್ರ. ಮನೆಯ ಮುಖ ಪಡುವಣಕ್ಕೆ. ಮಧ್ಯಾಹ್ನದ ಬಿಸಿಲು ಬಿದ್ದರೆ ಯಂತ್ರದ ಕಬ್ಬಿಣ ಮುಟ್ಟಿದ ಕೈ ಚುರ್ ಎನ್ನುತ್ತಿತ್ತು. ಫ್ಯಾನಿನ ಕೆಳಗೆ ಕೂತು ‘ಆಯಿ, ಭಾಳ ಧಗಿ’ ಎಂದು ಗೊಣಗುವ ಮೊಮ್ಮಕ್ಕಳು ನಿಮಗೆ ಅದು ಹೇಗೆ ತಿಳಿಯಬೇಕು!

ಅಪ್ಪ ಹಳೆಯ ಗೋಣಿಚೀಲಗಳನ್ನು ಬಿಚ್ಚಿ, ಜೋಡಿಸಿ ಹೊಲಿದು, ಬಿದಿರ ಗಳಗಳಿಗೆ ಕಟ್ಟಿ ಕಟ್ಟೆಯ ಮುಂದೆ ಹಂದರ ಹಾಕಿದ್ದ. ಅವ್ವ ಅದರ ಮೇಲೆ ನೀರು ಚಿಮುಕಿಸುತ್ತಿದ್ದಳು. ತೊಯ್ದ ಗೋಣಿಯ ವಾಸನೆ, ಯಂತ್ರದ ಎಣ್ಣೆಯ ವಾಸನೆ ಎರಡೂ ಸೇರಿದರೆ ನನಗೆ ಕಣ್ಣು ತಾನಾಗಿಯೇ ಮುಚ್ಚುತ್ತಿತ್ತು. ಶೇಂಗಾ ಮಾರುವ ಹೆಂಗಸರೂ ಬುಟ್ಟಿ ಇಳಿಸಿ ಅಲ್ಲೇ ಕೂಡುತ್ತಿದ್ದರು. ಅಪ್ಪ ಯಾರನ್ನೂ ಏಳು ಎಂದವನಲ್ಲ.

ಮನೆಯ ಮಾಲೀಕ ಒಬ್ಬ ಸಾವ್ಕಾರ. ನಮ್ಮ ಪಕ್ಕದಲ್ಲೇ ಹೊಸ ಬಟ್ಟೆ ಅಂಗಡಿ ತೆರೆದು, ಬಣ್ಣದ ಬೋರ್ಡು ತೂಗುಹಾಕಿದ್ದ. ಒಂದು ದಿನ ಬೆಳಿಗ್ಗೆ ಬಂದವನೇ, “ಏ ದರ್ಜಿ, ನಿನ್ನ ಹರಕ ಗೋಣಿ ನನ್ನ ಬೋರ್ಡಿಗೆ ಅಡ್ಡ ಬರತೈತಿ. ಮಧ್ಯಾಹ್ನ ಆಳ ಕಳಸ್ತೇನಿ, ಗಳ ಕಿತ್ತ ಒಗೀತಾರ” ಎಂದ.

“ಸಾವ್ಕಾರ್ರ, ನೆರಳ ಇಲ್ಲಂದ್ರ ನಾ ಹೆಂಗ ಹೊಲೀಲಿರಿ?”

“ಒಳಗ ಕುಂತ ಹೊಲಿ.”

ಒಳಗೆ ಸೂಜಿಗೆ ದಾರ ಪೋಣಿಸಲೂ ಬೆಳಕಿರಲಿಲ್ಲ. ಹಂದರ ಹೋದರೆ ಅಪ್ಪನ ಅರ್ಧ ದಿನದ ಕೆಲಸವೇ ಹೋಯಿತು. ಆದರೂ ಅಪ್ಪ ಎದ್ದು ಹಗ್ಗದ ಗಂಟು ಬಿಚ್ಚತೊಡಗಿದ. ನನಗೆ ಅಳು ಬಂತು, ಅಪ್ಪನ ಮೇಲೇ ಸಿಟ್ಟೂ ಬಂತು.

ಜೋಳ ಕೇರುತ್ತಿದ್ದ, ಮದುವೆಯ ವಯಸ್ಸಿನ ನನ್ನ ಅಕ್ಕ ಮೊರವನ್ನು ಧೊಪ್ಪನೆ ಕೆಳಗಿಟ್ಟು, “ಬಿಚ್ಚಬ್ಯಾಡ ಅಪ್ಪಾ” ಎಂದು ಎದ್ದಳು. ಮುಂದಿನ ಗಳವನ್ನು ನೀರು ಹಾಕಿ ತೊಳೆದಳು. ಅರಿಶಿನ ಬಳಿದು ಕುಂಕುಮ ಹಚ್ಚಿದಳು. ಮಾವಿನ ಎಲೆ ಕಟ್ಟಿ, ಅಪ್ಪನ ಯಂತ್ರದ ಕೆಳಗೆ ಬಿದ್ದಿದ್ದ ಕುಪ್ಪಸದ ಹಸಿರು ಖಣದ ತುಂಡನ್ನೂ ಸುತ್ತಿದಳು. ಚಹಾಕ್ಕೆಂದು ಇಟ್ಟಿದ್ದ ಹಾಲನ್ನು ಬುಡಕ್ಕೆ ಸುರಿದಳು.

ನಮ್ಮ ಕಡೆ ಮದುವೆಗೆ ಹಂದರ ಹಾಕುವಾಗ ಮೊದಲು ನೆಡುವ ಕಂಬಕ್ಕೆ ಹೀಗೆ ಪೂಜೆ ಮಾಡುತ್ತಾರೆ. ಅದೇ ಹಂದರಗಂಬ. ಪೂಜೆಯಾದ ಮೇಲೆ ಮದುಮಕ್ಕಳ ತಲೆಗೆ ಅಕ್ಕಿಕಾಳು ಬೀಳುವ ತನಕ ಹಗೆಯವನೂ ಅದಕ್ಕೆ ಕೈ ಹಚ್ಚುವುದಿಲ್ಲ.

ಅವ್ವ ಹೌಹಾರಿದಳು. “ಅಯ್ಯ ನಮ್ಮವ್ವಾ! ಗಂಡ ಗೊತ್ತಾಗಿಲ್ಲ, ಹಂದರಗಂಬ ಪೂಜಿ ಮಾಡೀಯಲ್ಲ! ನಾಳೆ ನಿನ್ನ ಯಾರ ಮಾಡ್ಕೋತಾರ? ಮಂದಿ ಏನಂದಾರು!”

“ಅನ್ನಲಿ ಬಿಡವ್ವಾ. ಮಂದಿ ಬಂದು ಅಪ್ಪ ಹೊಲಿಯೂ ಅಂಗಿ ಹೊಲಿದು ಕೊಡ್ತಾರೇನು?”

ಮಧ್ಯಾಹ್ನ ಆಳುಗಳು ಹಾರೆ ಹಿಡಿದು ಬಂದರು. ಅರಿಶಿನದ ಗಂಬ ನೋಡಿ ಅಲ್ಲೇ ನಿಂತರು. ಒಬ್ಬ ಹಾರೆ ಕೆಳಗಿಟ್ಟು ಕೈಯನ್ನೂ ಮುಗಿದ. ಸಾವ್ಕಾರ ಅಂಗಡಿಯಿಂದ ಕೂಗಿದರೆ, “ಹೆಣ್ಣಮಗಳ ಹಂದರಗಂಬರಿ. ನಾವು ಮುಟ್ಟೂದಿಲ್ರಿ” ಎಂದುಬಿಟ್ಟ ಆ ಆಳು.

ಸಾವ್ಕಾರ ತಾನೇ ಓಡಿ ಬಂದ. “ಯಾರ ಮದುವಿ?”

“ನಂದರಿ” ಎಂದಳು ಅಕ್ಕ.

“ವರ ಯಾರು?”

“ಹುಡುಕಾಕ ಹತ್ತೇವ್ರಿ.”

ಶೇಂಗಾ ಮಾರುವ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರಲ್ಲೊಬ್ಬಳು ಸೋಬಾನೆ ಎತ್ತಿಕೊಂಡೇಬಿಟ್ಟಳು, ಉಳಿದವರೂ ದನಿಗೂಡಿಸಿದರು. ಸಾವ್ಕಾರನ ಮುಖ ಕೆಂಪಗಾಯಿತು. ಗಂಬದತ್ತ ಕೈ ಚಾಚಿದ, ಪೇಟೆಯೆಲ್ಲ ತನ್ನನ್ನೇ ನೋಡುತ್ತಿದೆ ಎಂದು ತಿಳಿದು ಕೈ ಹಿಂದಕ್ಕೆ ಎಳೆದುಕೊಂಡ. ಅಪ್ಪ ಹಗ್ಗವನ್ನು ಮತ್ತೆ ಬಿಗಿದು ಯಂತ್ರ ತುಳಿಯತೊಡಗಿದ. ಆ ಟಕಟಕ ಸದ್ದು ಕೇಳಿ ನಾನು ಕಟ್ಟೆಯ ಮೇಲೆ ಕುಣಿದಾಡಿದೆ.

ಆಮೇಲೆ ನೋಡಬೇಕಿತ್ತು ನೀವು! ಗಂಬ ಕೀಳಬೇಕಾದರೆ ಮದುವೆ ಆಗಬೇಕಲ್ಲ? ಸಾವ್ಕಾರ ತಾನೇ ಅಕ್ಕನಿಗೆ ವರ ಹುಡುಕಿ ತರತೊಡಗಿದ. ಅಕ್ಕ ಒಬ್ಬನನ್ನೂ ಒಪ್ಪಲಿಲ್ಲ. ಊರ ಮಂದಿ ಆಡಿಕೊಂಡರು, ಅವ್ವ ಅತ್ತಳು. ಅಕ್ಕ ಬಗ್ಗಲಿಲ್ಲ. ಕಡೆಗೆ ಸಾವ್ಕಾರನೇ ಬೇಸತ್ತು ತನ್ನ ಬೋರ್ಡನ್ನು ಮೇಲಕ್ಕೆ ಏರಿಸಿದ. ಅಕ್ಕ ತನಗೆ ಮನಸ್ಸು ಬಂದಾಗ, ಮನಸ್ಸಿಗೆ ಬಂದವನನ್ನು, ಅದೇ ಗೋಣಿ ಹಂದರದ ಕೆಳಗೆ ಮದುವೆಯಾದಳು.

ಈಗ ಬೈಲಹೊಂಗಲದ ನಮ್ಮ ಮನೆಯ ಮುಂದೆ ನಿಮ್ಮಪ್ಪ ಪಟ್ಟೆಪಟ್ಟೆ ಬಟ್ಟೆಯ ಹೊಸ ಹಂದರ ಹಾಕಿಸಿದ್ದಾನೆ. ರಿಮೋಟಿನ ಗುಂಡಿ ಒತ್ತಿದರೆ ಸರ್ ಎಂದು ಬಿಚ್ಚುತ್ತದೆ, ಮತ್ತೆ ಒತ್ತಿದರೆ ಮಡಚಿಕೊಳ್ಳುತ್ತದೆ. ಚೆಂದವಿದೆ, ಇಲ್ಲವೆನ್ನುವುದಿಲ್ಲ. ಆದರೆ ಮೊನ್ನೆ ಕಾಯಿಪಲ್ಲೆ ಮಾರುವವಳು ಅದರ ನೆರಳಿಗೆ ಬುಟ್ಟಿ ಇಳಿಸಿ ಕೂತಳು. ನಿಮ್ಮಪ್ಪ ಒಳಗಿನಿಂದಲೇ ಗುಂಡಿ ಒತ್ತಿದ. ಪಾಪ, ಅವಳು ಬಿಸಿಲಲ್ಲೇ ಬುಟ್ಟಿ ಹೊತ್ತು ಹೋದಳು. ನನ್ನ ಮೈಯೆಲ್ಲ ಉರಿದುಹೋಯಿತು.

ಅಂದಿನಿಂದ ಆ ರಿಮೋಟು ಕಾಣುತ್ತಿಲ್ಲ ಎಂದು ನೀವೆಲ್ಲ ಸೋಫಾದ ಕೆಳಗೆ ತಡಕಾಡುತ್ತಿದ್ದೀರಿ. ಹುಡುಕಬೇಡಿ. ಅದು ನನ್ನ ಎಲೆಅಡಿಕೆ ಸಂಚಿಯಲ್ಲಿದೆ. ಇನ್ನು ದಿನಾ ಬೆಳಿಗ್ಗೆ ನಾನೇ ಹಂದರ ಬಿಚ್ಚುತ್ತೇನೆ, ಹೊತ್ತು ಮುಳುಗುವ ತನಕ ಅದು ಬಿಚ್ಚಿಯೇ ಇರುತ್ತದೆ. ಹೋಗಿ, ನಿಮ್ಮಪ್ಪನಿಗೆ ಬೇಕಾದರೆ ಹೇಳಿ.