ನಮ್ಮ ಸಿನಿಮಾದ ಬುತ್ತಿ

ನೋಗಂ ದ್ವೀಪದಲ್ಲಿ ದಾಸೊಲ್‌ಗೆ ಹೆಸರೇ ಇರಲಿಲ್ಲ. ಎದುರಿಗೆ ‘ಯೂಲ್‌ನ ಅಮ್ಮ’, ಬೆನ್ನ ಹಿಂದೆ ‘ದೇಜಾನ್‌ನವಳು’. ದೇಜಾನ್ ಪಟ್ಟಣದಲ್ಲಿ ಹುಟ್ಟಿ, ಓದಿ, ಮೀನುಗಾರ ಇನ್‌ಹೊನನ್ನು ಕಟ್ಟಿಕೊಂಡು ಲಾಂಚಿನಿಂದ ಇಳಿದು ಐದು ವರ್ಷವಾಗಿತ್ತು. ಆ ಐದೂ ವರ್ಷ ಕಡಲ ಬಂಡೆಯಿಂದ ಒಂದೇ ಒಂದು ಚಿಪ್ಪು ಕೀಳುವ ಹಕ್ಕು ಅವಳಿಗಿರಲಿಲ್ಲ. ಬಂಡೆಗಳು ಊರ ಹೆಂಗಸರ ಸಂಘಕ್ಕೆ ಸೇರಿದ್ದವು. ಸಂಘದ ಹನ್ನೊಂದು ಮಂದಿಯಲ್ಲಿ ಎಂಟು ಕೈ ಮೇಲೆದ್ದರೆ ಒಳಗೆ, ಏಳುವತನಕ, ಸಾಯುವತನಕವಾದರೂ ಸರಿ, ಬರೀ ನೆಂಟಳು. ಈ ಸಲದ ಕೈ ಎತ್ತುವ ದಿನ ಸಿನಿಮಾದ ಮಾರನೆಯ ಬೆಳಿಗ್ಗೆ ಎಂದು ಗೊತ್ತಾಗಿತ್ತು.

ಸಿನಿಮಾ ಎಂದರೆ ನಮ್ಮ ಸಿನಿಮಾ. ನಲವತ್ತು ವರ್ಷದ ಹಿಂದೆ ಯಾರೋ ಪಟ್ಟಣದವರು ಬಂದು ಎರಡು ತಿಂಗಳು ಠಿಕಾಣಿ ಹೂಡಿ, ಬೆಸ್ತನ ಹೆಂಡತಿಯೊಬ್ಬಳ ಕತೆ ತೆಗೆದುಕೊಂಡು ಹೋಗಿದ್ದರು. ಪ್ರತಿ ವರ್ಷ ಸುಗ್ಗಿಯ ಕಾಲಕ್ಕೆ ಮುಚ್ಚಿದ ಶಾಲೆಯ ಬಯಲಲ್ಲಿ ಬಿಳಿ ಪರದೆ ಕಟ್ಟಿ, ಮುಸ್ಸಂಜೆಗೆ ಅದನ್ನೇ ತೋರಿಸುತ್ತಾರೆ. ಆಚೆ ದಡದವರು ದುಡ್ಡು ಕೊಟ್ಟು ಬಂದು, ಚಾಪೆ ಹಾಸಿಕೊಂಡು, ಸಂಘ ಕೊಟ್ಟ ಬುತ್ತಿ ಬಿಚ್ಚಿಕೊಂಡು ನೋಡುತ್ತಾರೆ.

ಬುತ್ತಿಯ ಯಜಮಾನಿಕೆ ಹನ್ನೊಂದು ವರ್ಷದಿಂದ ಅಧ್ಯಕ್ಷೆ ಮಾಲ್‌ಸುನ್‌ಳದು. ಗಂಡನನ್ನು ಕಡಲಿಗೆ ಕೊಟ್ಟವಳು. ಒಬ್ಬನೇ ಮಗ ದುಚುಲ್, ಇನ್‌ಹೊನ ದೋಣಿಯಲ್ಲೇ ಜೊತೆಗಾರ. ಅವಳ ಬುತ್ತಿಯಲ್ಲಿ ಯಾವಾಗಲೂ ಕಡಲಪಾಚಿಯಲ್ಲಿ ಅನ್ನ ಸುತ್ತಿದ ಕಿಂಬಾಪ್ ಸುರುಳಿ, ಕರಿದ ಕೋಳಿ, ಒಂದು ತಂಪು ಬಾಟಲಿ. ಈ ವರ್ಷ ದಾಸೊಲ್ ಸಿನಿಮಾ ತೋರಿಸುವ ತಾಲೂಕು ಕಚೇರಿಗೆ ಕಾಗದ ಬರೆದಳು: ಪರದೆಯ ಮೇಲೆ ಏನು ಉಣ್ಣುತ್ತಾರೋ ಮಡಿಲಲ್ಲೂ ಅದೇ ಇರಲಿ. ಮಗು ಮಲಗಿದಾಗ ಫೋನಿನಲ್ಲಿ ನಾಲ್ಕು ಸಲ ಸಿನಿಮಾ ನೋಡಿ ಪಟ್ಟಿ ಮಾಡಿದ್ದಳು. ಗಂಡನನ್ನು ಬೀಳ್ಕೊಡುವಾಗ ಬೇಯಿಸಿದ ಗೆಣಸು. ಕಾಯುವಾಗ ಕುಂಬಳದ ಎಲೆಯಲ್ಲಿ ಸುತ್ತಿದ ಬಾರ್ಲಿ ಅನ್ನ. ಕೊನೆಗೆ ಗಂಡ ಬಂದಮೇಲೆ ಇಬ್ಬರ ನಡುವೆ ಒಂದು ಸುಟ್ಟ ಮೀನು. ಹೆಂಡತಿ ಒಂದು ಮಗ್ಗುಲು ತಿಂದು, ಮೀನನ್ನು ತಿರುವಿ ಹಾಕಿ, ಉಳಿದದ್ದನ್ನು ಅವನತ್ತ ತಳ್ಳುತ್ತಾಳೆ. ಬುತ್ತಿಯೊಳಗಿಡುವ ಚೀಟಿಯ ಕೊನೆಯ ಸಾಲಾಗಿ ದಾಸೊಲ್ ಬರೆದಳು: ‘ಅವಳು ತಿರುವಿದಾಗ ನೀವೂ ತಿರುವಿರಿ.’

ಕಚೇರಿಯವರು ಕುಣಿದಾಡಿಬಿಟ್ಟರು. ಮಾಲ್‌ಸುನ್ ಕುಣಿಯಲಿಲ್ಲ.

“ಹನ್ನೊಂದು ವರ್ಷ ನನ್ನ ಕಿಂಬಾಪ್ ತಿಂದು ಯಾರೂ ಸಾಯಲಿಲ್ಲ ಕಣೇ.”

“ಸಾಯದಿದ್ರೆ ಸಾಕಾ ದೊಡ್ಡಮ್ಮ? ರುಚಿ ಬೇಡ್ವಾ?” ಮಾತು ಬಾಯಿಂದ ಜಾರಿದ ಮೇಲೆ ದಾಸೊಲ್ ನಾಲಿಗೆ ಕಚ್ಚಿಕೊಂಡಳು.

“ಓಹೋ! ಮೀನು ಹೆಚ್ಚೋಕೆ ಹೋಗಿ ಬೆರಳು ಹೆಚ್ಕೊಳ್ಳೋಳು ನಂಗೆ ರುಚಿ ಹೇಳ್ಕೊಡ್ತಾಳೆ. ಕೇಳಿದ್ರೇನ್ರೇ?”

ಹೆಂಗಸರು ಕಿಸಕ್ಕನೆ ನಕ್ಕರು. ಮಾಲ್‌ಸುನ್ ಕನ್ನಡಕ ಹುಡುಕಿ ಹಾಕಿಕೊಂಡು ಚೀಟಿ ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

“ಚೆನ್ನಾಗಿದೆ. ಹೀಗೇ ಮಾಡು. ನಾವ್ಯಾರೂ ಕೈ ಹಾಕಲ್ಲ.”

ಐದು ವರ್ಷದಲ್ಲಿ ಅವಳು ಆಡಿದ ಮೊದಲ ‘ಚೆನ್ನಾಗಿದೆ’ ಅದು. ದಾಸೊಲ್ ಹಿಗ್ಗಬೇಕಿತ್ತು, ಬದಲಿಗೆ ತಪ್ಪು ಹುಡುಕುತ್ತ ಕೂತಳು. ಉಪ್ಪು ಜಾಸ್ತಿಯಾಯಿತೇ, ಗೆಣಸು ಹಳಸಿತೇ, ಯಾರದಾದರೂ ಮಗುವಿನ ಗಂಟಲಿಗೆ ಮುಳ್ಳು ಸಿಕ್ಕರೆ ಏನು ಗತಿ? ನೂರ ನಲವತ್ತು ಮೀನನ್ನು ಒಬ್ಬಳೇ ಸುಟ್ಟು, ಒಬ್ಬಳೇ ಕಟ್ಟಿದಳು.

ಸಿನಿಮಾದ ಸಂಜೆ ಗಾಳಿ ಎದ್ದಿತ್ತು. ದೋಣಿಗಳು ಮಧ್ಯಾಹ್ನವೇ ಹೊರಟುಹೋಗಿದ್ದವು. ಸಂಘದ ಹೆಂಗಸರು ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು, ತೀರ್ಪು ಹೇಳಲು ಬಂದವರಂತೆ. ಮಾಲ್‌ಸುನ್ ಮಾತ್ರ ಶಾಲೆಯ ಜಗಲಿಯ ಮೇಲೆ, ಸಿನಿಮಾ ತೋರಿಸುವ ಯಂತ್ರದ ಪಕ್ಕ, ಮಣೆ ಹಾಕಿಕೊಂಡಿದ್ದಳು. ಗೆಣಸಿಗೆ ಜನ ಚಪ್ಪಾಳೆ ತಟ್ಟಿದರು. ಎಲೆ ಸುತ್ತಿದ ಅನ್ನಕ್ಕೆ ಒಬ್ಬ ಮುದುಕ ಮೂಗೆಳೆದುಕೊಂಡು, “ನಮ್ಮಮ್ಮ ಕಟ್ತಿದ್ಲು” ಎಂದ. ಗೆದ್ದೆ ಅಂದುಕೊಂಡಳು ದಾಸೊಲ್. ನಾಳೆ ಎಂಟು ಕೈ.

ಪಕ್ಕದಲ್ಲಿ ಅತ್ತೆ ಒಕ್ಕುಮ್, ತಾನೂ ಸಂಘದವಳೇ, ಮೂರು ವರ್ಷದ ಯೂಲ್‌ನನ್ನು ತೊಡೆಯ ಮೇಲೆ ಹಾಕಿಕೊಂಡು, ಬುತ್ತಿಯ ಕೆಳಗಿನ ಡಬ್ಬಿ ತೆರೆದಳು. ಅವಳಿಗೆ ಓದು ಬಾರದು, ಚೀಟಿ ನೋಡಿರಲಿಲ್ಲ.

“ಇಡೀ ಮೀನು ಹಾಕಿದ್ದೀಯಲ್ಲ, ಇದು ಯಾವಾಗ ತಿನ್ನೋದು?”

“ಕೊನೇಲಿ ಅತ್ತೆ. ಅವಳು ತಿರುವಿ ಹಾಕ್ತಾಳಲ್ಲ, ಆಗ ಎಲ್ಲರೂ ಒಟ್ಟಿಗೆ…”

ಒಕ್ಕುಮ್ ಅವಳ ಮಣಿಕಟ್ಟು ಹಿಡಿದಳು. ಉಗುರು ಚರ್ಮಕ್ಕಿಳಿಯಿತು.

“ಹಾಳಾದೋಳೇ. ಆ ಸೀನು ಬಂದಾಗ ನಾವೆಲ್ಲ ತಲೆ ತಗ್ಗಿಸ್ತೀವಿ. ಐದು ವರ್ಷದಲ್ಲಿ ಒಂದ್ಸಲನಾದ್ರೂ ನೋಡ್ಲಿಲ್ವಾ?”

“ಅಳ್ತೀರೇನೋ ಅಂದ್ಕೊಂಡಿದ್ದೆ.”

“ಅಳೋದಂತೆ! ಪಟ್ಟಣದ ಮುಂಡೇವು, ತಿಳೀದೆ ಮಾಡಿಸಿದ್ದು ಅದು. ದೋಣಿ ಹೊರಗಿರೋವಾಗ ತಟ್ಟೇಲಿ ಮೀನು ತಿರುವಿದ್ರೆ ನೀರಲ್ಲಿ ದೋಣೀನೂ…” ಒಕ್ಕುಮ್ ಬಾಯಿಗೆ ಅಂಗೈ ಒತ್ತಿಕೊಂಡಳು. ಆ ಮಾತನ್ನೂ ಆಡುವಂತಿಲ್ಲ.

ದಾಸೊಲ್‌ಗೆ ಒಂದೊಂದಾಗಿ ನೆನಪಾಯಿತು. ಮಗುವಿಗೆಂದು ಮೀನಿನ ಮುಳ್ಳು ಹುಡುಕಲು ಕೂತಾಗಲೆಲ್ಲ ಅತ್ತೆ “ಕೊಡಿಲ್ಲಿ” ಎಂದು ತಟ್ಟೆ ಕಸಿಯುತ್ತಿದ್ದದ್ದು. ತನ್ನ ಮೇಲೆ ನಂಬಿಕೆಯಿಲ್ಲ ಎಂದು ತಾನು ಸಿಂಕಿನ ಮುಂದೆ ಕಣ್ಣೀರು ಹಾಕಿದ್ದು. ಪರದೆಯ ಮೇಲೆ ಆ ಹೆಂಗಸು ಮೀನನ್ನು ಒಲೆಯಿಂದ ಇಳಿಸುತ್ತಿದ್ದಳು. ಬಯಲಿನ ತುಂಬ ಡಬ್ಬಿಗಳು ಟಪಟಪ ತೆರೆದವು. ಕಡಲಲ್ಲಿ ಇನ್‌ಹೊ ಇದ್ದ.

ಚಪ್ಪಲಿ ಬಿಟ್ಟು ಓಡಿದಳು. ಯಾರದೋ ಚಾಪೆ, ಯಾರದೋ ಬಾಟಲಿ, ಯಾರದೋ ಬೈಗುಳ. ಜಗಲಿ ಹತ್ತಿ ಯಂತ್ರದ ವೈರನ್ನು ಹಿಡಿದು ಎಳೆದಳು. ಪರದೆ ಕಪ್ಪಾಯಿತು.

“ಮೀನು ಬೆಂದಿಲ್ಲ!” ಎಂದು ಕಿರುಚಿದಳು. “ಹಸಿಯಿದೆ! ಹೊಟ್ಟೆ ಕೆಡುತ್ತೆ, ಯಾರೂ ಮುಟ್ಬೇಡಿ!”

ಜನ ಹೋ ಎಂದರು. “ದುಡ್ಡಿಸ್ಕೊಂಡು ಹಸಿ ಮೀನಾ?” ಎಂದು ಒಬ್ಬ ಕೂಗಿದ. ಯಾರೂ ಹೇಳದೆಯೇ ಹಿಂದಿನ ಸಾಲಿನ ಹೆಂಗಸರೆಲ್ಲ ಎದ್ದು, ಡಬ್ಬಿ ಡಬ್ಬಿ ಕಸಿದು ಬುಟ್ಟಿಗೆ ತುಂಬತೊಡಗಿದರು. ಕಚೇರಿಯವನು ಮುಖ ಸಿಂಡರಿಸಿ ಫೋನಿನಲ್ಲಿ ಏನೋ ಬರೆದುಕೊಂಡ. ಮುಂದಿನ ವರ್ಷ ಮತ್ತೆ ಕಿಂಬಾಪ್ ಎಂಬುದು ಅಲ್ಲೇ ತೀರ್ಮಾನವಾಯಿತು.

ಆಗ ದಾಸೊಲ್ ಕಣ್ಣಿಗೆ ಬಿತ್ತು: ಅದೇ ವೈರು ಮೊದಲೇ ಮಾಲ್‌ಸುನ್‌ಳ ಅಂಗೈಯಲ್ಲಿ ಸುತ್ತಿತ್ತು.

“ಗೊತ್ತಿತ್ತು ನಿಮಗೆ. ಚೀಟಿ ಓದಿದ ದಿನಾನೇ ಗೊತ್ತಿತ್ತು.”

“ಗೊತ್ತಿತ್ತು.”

“ನಿಮ್ಮ ಮಗಾನೂ ಅದೇ ದೋಣೀಲಿದಾನೆ!”

“ಅದಕ್ಕೇ ಸಂಜೆಯಿಂದ ಇದನ್ನ ಹಿಡ್ಕೊಂಡು ಕೂತಿದ್ದೆ.” ಮಾಲ್‌ಸುನ್ ವೈರನ್ನು ಬಿಡಿಸಿ ಕೆಳಗೆಸೆದಳು. “ನಾನು ಕಿತ್ತಿದ್ರೆ ಊರಿಗೆಲ್ಲ ಕಾರಣ ಹೇಳ್ತಿದ್ದೆ. ಆಮೇಲೆ ನೀನು ಲಾಂಚು ಹತ್ತಬೇಕಾಗಿತ್ತು. ನೀನೇ ಮೊದ್ಲು ಬಂದೆ, ಬದುಕಿಕೊಂಡೆ.”

ದೋಣಿ ಬೆಳಕು ಹರಿಯುವಾಗ ಎಂದಿನಂತೆ ಬಂತು. ದುಚುಲ್ ಆಕಳಿಸುತ್ತ ಹಗ್ಗ ಎಸೆದ. ದಡದಲ್ಲಿ ನಿಂತಿದ್ದ ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಂಘದ ಕೋಣೆಯಲ್ಲಿ ಕೈ ಎತ್ತಿಸಿದರು. ಮೊದಲು ಒಕ್ಕುಮ್, ಆಮೇಲೆ ತಡೆದು ತಡೆದು ಒಂದೊಂದೇ. ಏಳು. ದಾಸೊಲ್ ಎಂಟನೆಯದಕ್ಕಾಗಿ ಅಧ್ಯಕ್ಷೆಯತ್ತ ನೋಡಿದಳು.

“ನನ್ನ ಮೋರೆ ಏನು ನೋಡ್ತೀಯ?” ಎಂದಳು ಮಾಲ್‌ಸುನ್. “ಎತ್ತಲ್ಲ. ಇನ್ನೊಂದು ವರ್ಷ ನೆಂಟಳಾಗಿರು.”

“ಮುಂದಿನ ವರ್ಷಾನೂ ಕೇಳ್ತೀನಿ.”

“ಕೇಳು. ಬಾಯಿ ನಿಂದು.”

ಉಳಿದ ಮೀನನ್ನು ಬಿಸಿ ಮಾಡಿ ಎಲ್ಲರೂ ಅಲ್ಲೇ ಊಟಕ್ಕೆ ಕೂತರು. ದಾಸೊಲ್ ಕೆಳಗಿನ ಕೊನೆಯಲ್ಲಿ ಮಗುವಿನೊಡನೆ. ಮೇಲಿನ ಮಗ್ಗುಲು ತಿನ್ನಿಸಿ ಮುಗಿಸಿದಳು. ಹೆಂಗಸರು ಅವಳ ತಟ್ಟೆಯತ್ತ ಕತ್ತು ಚಾಚಿದರು. ಅವಳು ಊಟದ ಕಡ್ಡಿಗಳನ್ನು ಬೆನ್ನುಮೂಳೆಯ ಅಡಿಗೆ ತೂರಿಸಿ, ಬಾಲದಿಂದ ತಲೆಯವರೆಗೆ ಮೂಳೆಯನ್ನು ಮೆಲ್ಲಗೆ ಎತ್ತಿ ತೆಗೆದಳು. ಮೀನು ಮಲಗಿದ ಹಾಗೇ ಮಲಗಿತ್ತು. ಉಳಿದ ಮುಳ್ಳಿಗಾಗಿ ಬೆರಳಿಂದ ಸವರಿ ಸವರಿ ನೋಡಿದಳು.

“ಬಾಲದ ಹತ್ರ ಇನ್ನೊಂದಿದೆ, ಕುರುಡಿ,” ಎಂದಳು ಮಾಲ್‌ಸುನ್, ತನ್ನ ತಟ್ಟೆಯಿಂದ ತಲೆಯೆತ್ತದೆ.

“ಗೊತ್ತು,” ಎಂದಳು ದಾಸೊಲ್.

ಗೊತ್ತಿರಲಿಲ್ಲ. ಬೆರಳು ಬಾಲದ ಕಡೆಗೆ ಹೋಯಿತು. ಚುಚ್ಚಿತು.